‘ದಾತುನ್’ಗೆ ನಿಮ್ಮ ಕಡೆ ಏನಂತಾರೆ?

ಒಂದು ಹಿಂದಿ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಬ್ಬ ಮುದುಕಿ ಬೆಳಗಿನ ಜಾವ ರೈಲು ನಿಲ್ದಾಣದ ಹೊರಗೆ ಕೂತು ದಾತುನ್, ಅಂದರೆ ತುದಿ ಜಗಿದು ಹಲ್ಲುಜ್ಜುವ ಮರದ ಕಡ್ಡಿ, ಮಾರುತ್ತಾಳೆ. ಈ ಪದದ ಹತ್ತಿರ ನಾಲ್ಕು ದಿನದಿಂದ ಸಿಕ್ಕಿಕೊಂಡಿದ್ದೇನೆ.

‘ಬೇವಿನ ಕಡ್ಡಿ’ ಅಂತ ಬರೆಯಬಹುದಿತ್ತು. ಆದರೆ ಯಾವ ಮರದ್ದು ಅಂತ ಕಥೆಯಲ್ಲಿಲ್ಲ. ಜಾಲಿಯದೂ ಇರಬಹುದು, ಹೊಂಗೆಯದೂ ಇರಬಹುದು. ನಮ್ಮಲ್ಲಿ ಮರದ ಹೆಸರು ಸೇರಿಸದೆ ಇದನ್ನು ಹೇಳುವುದೇ ಕಷ್ಟ, ಅಲ್ವಾ?

ನಮ್ಮ ತಾತ ಸುಮ್ನೆ ‘ಒಂದು ಕಡ್ಡಿ ಮುರ್ಕೊಂಡು ಬಾ’ ಅನ್ನುತ್ತಿದ್ದರು. ಹೊತ್ತು ಬೆಳಗ್ಗೆ, ಎದುರಿಗೆ ಬೇವಿನ ಮರ. ಹಾಗಾಗಿ ಅರ್ಥವಾಗುತ್ತಿತ್ತು. ಎಳೆ ರೆಂಬೆ ಮುರಿದು, ಎಲೆ ಸವರಿ ಕೊಡಬೇಕು. ಅವರು ತುದಿಯನ್ನು ದವಡೆಗಿಟ್ಟು ನಾರು ಬಿಡುವ ತನಕ ಜಗಿಯುತ್ತಿದ್ದರು. ಉಜ್ಜಿಯಾದ ಮೇಲೆ ಅದೇ ಕಡ್ಡಿಯನ್ನು ಉದ್ದಕ್ಕೆ ಸೀಳಿ, ಬಿಲ್ಲಿನ ಹಾಗೆ ಬಗ್ಗಿಸಿ, ನಾಲಿಗೆ ಕೆರೆದುಕೊಂಡು ಎಸೆಯುತ್ತಿದ್ದರು.

‘ಹಲ್ಲುಕಡ್ಡಿ’ ಅಂದರೆ ಈಗಿನವರಿಗೆ ಹೋಟೆಲಿನಲ್ಲಿ ಸೋಂಪಿನ ಪಕ್ಕ ಇಡುವ ಚೂಪು ಕಡ್ಡಿಯೇ ನೆನಪಾಗುತ್ತದೆ. ‘ದಂತಕಾಷ್ಠ’ ಅನ್ನುವುದು ಪುಸ್ತಕದ ಮಾತು. ಅಷ್ಟಾಂಗಹೃದಯ ಅನ್ನುವ ಹಳೆಯ ಆಯುರ್ವೇದ ಗ್ರಂಥದಲ್ಲಿ ಎಕ್ಕ, ಆಲ, ಹೊಂಗೆ ಮುಂತಾದ ಗಿಡಮರಗಳ ಕಡ್ಡಿ ಹೇಳಿದೆ: 12 ಅಂಗುಲ ಉದ್ದ, ಕಿರುಬೆರಳ ತುದಿಯಷ್ಟು ದಪ್ಪ. ತಾತನ ಕಡ್ಡಿಯೂ ಹೆಚ್ಚುಕಡಿಮೆ ಅಷ್ಟೇ ದಪ್ಪ ಇರುತ್ತಿತ್ತು. ಆದರೆ ಆ ಮುದುಕಿಯ ಬಾಯಲ್ಲಿ ‘ದಂತಕಾಷ್ಠ’ ಬರಲಾರದು. ದಾತುನ್ ಕೂಡ ಸಂಸ್ಕೃತದ ‘ದಂತಪವನ’ದಿಂದಲೇ ಬಂದದ್ದು. ಆದರೆ ಸವೆದು ಸವೆದು ಬೀದಿಯ ಮಾತಾಗಿದೆ.

ನನಗೆ ಹೊಟ್ಟೆಕಿಚ್ಚಾಗುವುದು ತೆಲುಗಿನ ‘ಪಂದುಂಪುಲ್ಲ’ ನೋಡಿದಾಗ. ಪಲು ಅಂದರೆ ಹಲ್ಲು, ತೋಮು ಅಂದರೆ ಉಜ್ಜು, ಪುಲ್ಲ ಅಂದರೆ ಕಡ್ಡಿ. ಮೂರೂ ಕರಗಿ ಒಂದಾಗಿವೆ. ಯಾವ ಮರದ್ದಾದರೂ ಅದು ಪಂದುಂಪುಲ್ಲವೇ.

ಸದ್ಯಕ್ಕೆ ‘ಹಲ್ಲುಜ್ಜೋ ಕಡ್ಡಿ’ ಅಂತ ಹಾಕಿದ್ದೇನೆ. ಅರ್ಥಕ್ಕೇನೂ ತೊಂದರೆಯಿಲ್ಲ. ಆದರೆ ಮುದುಕಿ ಅದನ್ನು ಕೂಗಿ ಮಾರಬೇಕು. ‘ದಾತುನ್, ದಾತುನ್’ ಅಂತ ಕೂಗುವಾಗ ಇರುವ ಎಳೆತ ಇದರಲ್ಲಿ ಬರುತ್ತಿಲ್ಲ.

ಉತ್ತರ ಕರ್ನಾಟಕದಲ್ಲಿ ‘ಹಲ್ಲು ತಿಕ್ಕು’ ಅನ್ನುತ್ತಾರಲ್ಲ, ಅಲ್ಲಿ ‘ತಿಕ್ಕೋ ಕಡ್ಡಿ’ ಅನ್ನುವ ಬಳಕೆ ಇದೆಯಾ? ಕೋಲಾರ, ಪಾವಗಡ, ಬಳ್ಳಾರಿ ಕಡೆ ಕನ್ನಡ ಮಾತಾಡುವಾಗಲೂ ತೆಲುಗಿನ ಪದವನ್ನೇ ಬಳಸುತ್ತೀರಾ? ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಕೇಳಿ ಹೇಳಿ. ಹಾಗೇ ಇನ್ನೊಂದು: ಜಗಿದು ಜಗಿದು ಕುಂಚದ ಹಾಗಾದ ಆ ತುದಿಗೆ ಅವರು ಏನಂತಾರೆ?