ಸಹಾಯ ಬೇಕು: ಕಾಲೇಜು ಫುಟ್‌ಬಾಲ್ ಕಿಕ್‌ಆಫ್ ಲೆಕ್ಕ ಬಿಡಿಸಿ ಹೇಳಿ

ಎಲ್ಲರಿಗೂ ನಮಸ್ಕಾರ. ಮಗಳು ಓಹಾಯೋದಲ್ಲಿ ಓದುತ್ತಿದ್ದಾಳೆ. ಶನಿವಾರ ರಾತ್ರಿ ಇಬ್ಬರೂ ಫೋನಿನಲ್ಲಿ ಮಾತಾಡುತ್ತಾ ಅಮೆರಿಕದ ಕಾಲೇಜು ಫುಟ್‌ಬಾಲ್ ನೋಡುತ್ತೇವೆ. ಕಿಕ್‌ಆಫ್ (ಆಟ ಶುರುಮಾಡಲು ಚೆಂಡನ್ನು ಎದುರಾಳಿ ಕಡೆಗೆ ಒದೆಯುವುದು) ಒಂದು ಮಾತ್ರ ತಲೆಗೆ ಹತ್ತುತ್ತಿಲ್ಲ.

ಒದೆಯುವುದು ತಮ್ಮ 35 ಗಜದ ಗೆರೆಯಿಂದ. 2018ರಿಂದ, ಹಿಡಿಯುವವನು ತನ್ನ 25 ಗಜದೊಳಗೆ ಕೈ ಬೀಸಿ ಫೇರ್ ಕ್ಯಾಚ್ (ಓಡುವುದಿಲ್ಲ ಎಂದು ಸೂಚಿಸಿ ಹಿಡಿಯುವುದು) ಹಿಡಿದರೂ ಟಚ್‌ಬ್ಯಾಕ್, ಅಂದರೆ ಆಟ ಅಲ್ಲೇ ನಿಂತು ಚೆಂಡು ಅವರ 25 ಗಜದ ಗೆರೆಗೆ ಬರುತ್ತದೆ. ಇಷ್ಟು ಗೊತ್ತು. ಹಾಗಿದ್ದರೂ ಕೆಲವು ತಂಡಗಳು ಬೇಕಂತಲೇ ಎತ್ತರಕ್ಕೆ, ಗಿಡ್ಡಕ್ಕೆ ಒದೆಯುವುದು ಯಾಕೆ? ಹಿಡಿಯುವವನು ಕೈ ಬೀಸಿದರೆ ಒದ್ದವರಿಗೆ ಲಾಭ ಇಲ್ಲ ಅಲ್ವಾ? ಅವನು ಆಸೆಪಟ್ಟು ಓಡಲಿ, 25ರ ಒಳಗೇ ಕೆಡವೋಣ ಅನ್ನುವ ಲೆಕ್ಕವಾ? ಇನ್ನು ನೆಲದ ಮೇಲೆ ಪುಟಿಯುತ್ತಾ ಹೋಗುವ ಸ್ಕ್ವಿಬ್ ಕಿಕ್ ಯಾವಾಗ ಸರಿ?

ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2024ರ ಹೊಸ ಕಿಕ್‌ಆಫ್ ಬೇರೆಯೇ, ಅದು ಬೇಡ. ಆಡಿದವರು, ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ. ಶನಿವಾರದೊಳಗೆ ಗೊತ್ತಾದರೆ ತುಂಬಾ ಖುಷಿ.