ಸಹಾಯ ಬೇಕು: ಆಲ್ಜಿನೇಟ್ ಹಾಳೆ ಸುರುಳಿಯಾಗುತ್ತಿದೆ
ಗಾಯದ ಪಟ್ಟಿಗೆಂದು ಕಂದು ಕಡಲಪಾಚಿಯ ಸೋಡಿಯಂ ಆಲ್ಜಿನೇಟ್‌ನಿಂದ ಹಾಳೆ ಮಾಡುತ್ತಿದ್ದೇವೆ. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 2 ಗ್ರಾಂ ಪುಡಿ, ಹಾಳೆ ಮೆತ್ತಗಿರಲು 0.6 ಗ್ರಾಂ ಗ್ಲಿಸರಿನ್. ಗುಳ್ಳೆ ಹೋಗಲು ರಾತ್ರಿಯಿಡೀ ಬಿಟ್ಟು, ಪೆಟ್ರಿ ತಟ್ಟೆಗೆ ಸುರಿದು 40 ಡಿಗ್ರಿಯಲ್ಲಿ ಒಣಗಿಸಿ, ಆಮೇಲೆ 2% ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ, ಹಾಳೆ ನೀರಿಗೆ ಕರಗದಂತೆ ಗಟ್ಟಿಯಾಗಲೆಂದು, 5 ನಿಮಿಷ ಅದ್ದುತ್ತೇವೆ. ತೊಂದರೆ ಅಲ್ಲೇ: ಅಂಚು ಸುರುಳಿ, ನಡುವೆ ಸುಕ್ಕು. ಕ್ಯಾಲ್ಸಿಯಂ ತಗುಲಿದ ಮೇಲ್ಪದರ ಮೊದಲು ಬಿಗಿದು ಕುಗ್ಗುತ್ತದೆ, ಒಳಗಿನದು ಹಿಂದೆ ಬೀಳುತ್ತದೆ, ಅಷ್ಟು ಗೊತ್ತು. ಸಾಲದ್ದಕ್ಕೆ ಹಾಳೆಯಲ್ಲಿನ ಗ್ಲಿಸರಿನ್ ಆ ಕ್ಯಾಲ್ಸಿಯಂ ದ್ರಾವಣಕ್ಕೆ ಇಳಿದುಹೋಗಿ, ಮತ್ತೆ ಒಣಗಿದ ಹಾಳೆ ಹಪ್ಪಳದಂತೆ ಮುರಿಯುತ್ತದೆ.

ಅದ್ದುವ ಬದಲು, ಕ್ಯಾಲ್ಸಿಯಂ ಕಾರ್ಬೊನೇಟ್ ಮತ್ತು ಗ್ಲುಕೊನೊ ಡೆಲ್ಟಾ ಲ್ಯಾಕ್ಟೋನ್ (ನೀರಲ್ಲಿ ನಿಧಾನವಾಗಿ ಆಮ್ಲವಾಗಿ ಕಾರ್ಬೊನೇಟ್‌ನಿಂದ ಕ್ಯಾಲ್ಸಿಯಂ ಬಿಡಿಸುವ ಪುಡಿ; ಮೋಲ್ ಲೆಕ್ಕದಲ್ಲಿ 1:2) ಆಲ್ಜಿನೇಟ್ ದ್ರಾವಣದ ಒಳಗೇ ಬೆರೆಸಿಯೂ ನೋಡಿದ್ದಾಯಿತು. ಸಮವಾಗಿ ಹೆಪ್ಪುಗಟ್ಟುತ್ತದೆ, ಆದರೆ ಕಾರ್ಬೊನೇಟ್ ತಳಕ್ಕೆ ಕೂರುತ್ತದೆ. ಎಷ್ಟು ಮೈಕ್ರಾನ್ ಕಾರ್ಬೊನೇಟ್ ಪುಡಿ ಬಳಸುತ್ತೀರಿ? ಹಾಳೆಯನ್ನು ಚೌಕಟ್ಟಿಗೆ ಬಿಗಿದು ಅದ್ದಿದವರು ಯಾರಾದರೂ ಇದ್ದೀರಾ? ಅದ್ದುವ ಕ್ಯಾಲ್ಸಿಯಂ ದ್ರಾವಣಕ್ಕೂ ಗ್ಲಿಸರಿನ್ ಹಾಕುವುದಾದರೆ ಎಷ್ಟು?