‘ಕೃಷಿ ವಿಸ್ತರಣೆ’ ಅಂದರೆ ಓದುಗರಿಗೆ ಏನು ಕೇಳಿಸುತ್ತದೆ?

ಗೆಳೆಯರೆ,

ಆಫ್ರಿಕಾದ ಹಳ್ಳಿಗಳಲ್ಲಿ ರೈತರಿಗಾಗಿ ನಡೆಯುವ ರೇಡಿಯೊ ಕಾರ್ಯಕ್ರಮಗಳ ಬಗ್ಗೆ ಒಂದು ಕಿರುಹೊತ್ತಗೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಎಕ್ಸ್‌ಟೆನ್ಶನ್’, ಅಂದರೆ ರೈತರಿಗೆ ಬೇಸಾಯದ ತಿಳಿವಳಿಕೆ ತಲುಪಿಸುವ ಕೆಲಸ, ಎಂಬ ಪದದಲ್ಲಿ ಅನುವಾದ ನಿಂತಿದೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಇದನ್ನು ‘ವಿಸ್ತರಣೆ’ ಎನ್ನುತ್ತವೆ. ವಿಸ್ತರಣಾ ನಿರ್ದೇಶನಾಲಯ ಇದೆ, ವಿಸ್ತರಣಾ ಶಿಕ್ಷಣ ಘಟಕ ಇದೆ. ಕೃಷಿ ಪದವಿ ಓದಿದವರಿಗೆ ತೊಡಕಿಲ್ಲ. ಉಳಿದವರ ಕಥೆ ಬೇರೆ. ಸಂಪುಟ ವಿಸ್ತರಣೆ, ಮೆಟ್ರೊ ವಿಸ್ತರಣೆ, ಅವಧಿ ವಿಸ್ತರಣೆ ಕೇಳಿ ಪಳಗಿದ ಕಿವಿಗೆ ಕೃಷಿ ವಿಸ್ತರಣೆ ಅಂದರೆ ಸಾಗುವಳಿ ಜಮೀನು ಹೆಚ್ಚುವುದು ಅಂತಲೇ ಕೇಳಿಸುತ್ತದೆ, ಅಲ್ವಾ?

ಇದು ಸುಮ್ನೆ ತೆಗೆದ ತಕರಾರಲ್ಲ. ಹೊತ್ತಗೆಯ ಒಂದು ಪುಟದಲ್ಲಿ ಹೊಸ ಜಮೀನಿಗಾಗಿ ಕಾಡು ಕಡಿಯುವ ಮಾತು ಬರುತ್ತದೆ. ಮುಂದಿನ ಪುಟದಲ್ಲಿ ರೈತರಿಗೆ ತಿಳಿವಳಿಕೆ ಕೊಡುವ ಸಿಬ್ಬಂದಿ ಸಾಲದು ಎಂಬ ಮಾತು. ರೂಢಿಯಲ್ಲಿರುವಂತೆ ಬರೆದರೆ ‘ಕೃಷಿ ವಿಸ್ತರಣೆಯಿಂದ ಕಾಡು ನಾಶವಾಗುತ್ತಿದೆ’ ಎಂದಾಗುತ್ತದೆ, ಅದರ ಬೆನ್ನಿಗೇ ‘ಕೃಷಿ ವಿಸ್ತರಣೆಗೆ ಸರ್ಕಾರ ಜಾಸ್ತಿ ಹಣ ಕೊಡಬೇಕು’ ಎಂದೂ ಆಗುತ್ತದೆ. ಓದಿದವರು ತಲೆ ಕೆರೆದುಕೊಳ್ಳದೆ ಇನ್ನೇನು ಮಾಡಿಯಾರು?

ಪದದ ಹಿನ್ನೆಲೆ ನೋಡಿದರೆ ಎಡವಟ್ಟು ಎಲ್ಲಾಯಿತು ಅಂತ ಗೊತ್ತಾಗುತ್ತದೆ. 1873ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ತನ್ನ ಉಪನ್ಯಾಸಗಳನ್ನು ಬೇರೆ ಊರುಗಳಿಗೆ ಒಯ್ಯತೊಡಗಿತು. ವಿಶ್ವವಿದ್ಯಾಲಯ ತನ್ನ ಗೋಡೆಯಾಚೆ ಕೈ ಚಾಚಿತು ಅಂತ ಅರ್ಥ. ಅಮೆರಿಕ 1914ರಲ್ಲಿ ಕಾಯ್ದೆ ಮಾಡಿ ಇದನ್ನು ಹೊಲಕ್ಕೆ ತಂದಿತು. ನಮ್ಮಲ್ಲಿ 1952ರ ಅಕ್ಟೋಬರ್ 2ಕ್ಕೆ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾಯಿತು. ಮರುವರ್ಷ ಅದೇ ದಿನ ರಾಷ್ಟ್ರೀಯ ವಿಸ್ತರಣಾ ಸೇವೆ ಬಂತು. ಮೂಲದಲ್ಲಿ ಚಾಚಿಕೊಂಡದ್ದು ವಿಶ್ವವಿದ್ಯಾಲಯ. ಕನ್ನಡದಲ್ಲಿ ಕೃಷಿಯೇ ಚಾಚಿಕೊಂಡುಬಿಟ್ಟಿತು! ಹಳ್ಳಿಯವರಂತೂ ಈ ಪದದ ಗೊಡವೆಗೇ ಹೋಗಲಿಲ್ಲ. ಮನೆಬಾಗಿಲಿಗೆ ಬಂದವರನ್ನು ಗ್ರಾಮಸೇವಕರು ಅಂದರು. ಈಗ ‘ಕೃಷಿ ಇಲಾಖೆಯೋರು’ ಅನ್ನುತ್ತಾರೆ.

‘ವಿಸ್ತರಿಸು’ ಅಂದರೆ ಬಿಡಿಸಿ ಹೇಳು ಎಂಬ ಅರ್ಥ ಹಳೆಯ ಕಾವ್ಯಗಳಲ್ಲಿದೆ ಎಂದು ಯಾರಾದರೂ ನೆನಪಿಸಬಹುದು. ನಿಜ. ಆದರೆ ಆ ಅರ್ಥ ಈಗ ‘ವಿಸ್ತಾರವಾಗಿ ಹೇಳಿ’ ಎಂಬಲ್ಲಿ ಮಾತ್ರ ಉಸಿರಾಡುತ್ತಿದೆ.

ನನಗೆ ಇನ್ನೂ ದೊಡ್ಡ ತಕರಾರಿದೆ. ಬ್ರೆಜಿಲಿನ ಶಿಕ್ಷಣ ಚಿಂತಕ ಪಾವ್ಲೊ ಫ್ರೇರಿ 1960ರ ದಶಕದ ಕೊನೆಯಲ್ಲಿ ಚಿಲಿಯಲ್ಲಿ ರೈತರ ನಡುವೆ ಕೆಲಸ ಮಾಡುವಾಗ ಈ ಪದವನ್ನೇ ಹಿಡಿದು ಜಗ್ಗಿದರು. ತಿಳಿದವನು ತನ್ನಲ್ಲಿರುವುದನ್ನು ತಿಳಿಯದವನಿಗೆ ಚಾಚಿ ಕೊಡುತ್ತಾನೆ ಎಂಬ ಎಣಿಕೆ ಇದರೊಳಗೇ ಇದೆ, ರೈತನಿಗೆ ಗೊತ್ತಿರುವುದಕ್ಕೆ ಇಲ್ಲಿ ಜಾಗವೇ ಇಲ್ಲ ಎಂಬುದು ಅವರ ವಾದ. ತೀರಾ ಎಳೆದಾಡಿದರು ಅಂತ ಮೊದಲು ನನಗೂ ಅನ್ನಿಸಿತ್ತು. ಆದರೆ ರೇಡಿಯೊದ ಚರಿತ್ರೆ ಅವರ ಮಾತಿಗೇ ಸಾಕ್ಷಿ ಹೇಳುತ್ತದೆ.

ಕೆನಡಾದ ರೇಡಿಯೊದಲ್ಲಿ ರೈತರ ಕಾರ್ಯಕ್ರಮ ಮಾಡುತ್ತಿದ್ದ ಜಾರ್ಜ್ ಅಟ್ಕಿನ್ಸ್ 1975ರಲ್ಲಿ ಜಾಂಬಿಯಾಕ್ಕೆ ಹೋಗಿದ್ದರು. ಟ್ರ್ಯಾಕ್ಟರಿನ ಸ್ಪಾರ್ಕ್ ಪ್ಲಗ್ ನೋಡಿಕೊಳ್ಳುವುದು ಹೇಗೆ ಎಂಬ ಕಾರ್ಯಕ್ರಮವನ್ನು ತಾನು ಬಿತ್ತರಿಸಿದ್ದಾಗಿ ಆಫ್ರಿಕಾದ ಒಬ್ಬ ಪ್ರಸಾರಕರು ಅಲ್ಲಿ ಅವರಿಗೆ ಹೇಳಿದರು. ಕೇಳುವ ರೈತರಲ್ಲಿ ಟ್ರ್ಯಾಕ್ಟರ್ ಇದ್ದವರೇ ಅಪರೂಪ. ಮಾಹಿತಿಯೆಲ್ಲ ಶ್ರೀಮಂತ ದೇಶಗಳಿಂದ ಬರುತ್ತಿತ್ತು, ಅದನ್ನೇ ಓದುತ್ತಿದ್ದರು. ಅಟ್ಕಿನ್ಸ್ 1979ರಲ್ಲಿ ಕಟ್ಟಿದ ರೇಡಿಯೊ ಜಾಲ ಸಣ್ಣ ರೈತರು ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಉಪಾಯಗಳನ್ನು ಹುಡುಕಿ ಪ್ರಸಾರಕರಿಗೆ ಕಳಿಸತೊಡಗಿತು. 2007ರಿಂದ ಘಾನಾ, ಮಾಲಿ, ಮಲಾವಿ, ತಾಂಜಾನಿಯಾ, ಉಗಾಂಡಗಳಲ್ಲಿ ಇದು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಯಾವ ವಿಷಯ ಬೇಕು ಎಂದು ರೈತರನ್ನೇ ಕೇಳಿದರು, ರೇಡಿಯೊದಲ್ಲಿ ಅವರನ್ನೇ ಮಾತಾಡಿಸಿದರು.

ಇದು ನಮ್ಮ ದೇಶಕ್ಕೂ ಹೊಸದಲ್ಲ. ಕೆನಡಾದಲ್ಲಿ ಅದಕ್ಕೂ ಮೊದಲೇ ಇದ್ದ ರೈತರ ರೇಡಿಯೊ ಕೂಟಗಳನ್ನು ಮಾದರಿ ಇಟ್ಟುಕೊಂಡು 1956ರಲ್ಲಿ ಪುಣೆ ಆಕಾಶವಾಣಿ ಯುನೆಸ್ಕೊ ನೆರವಿನಿಂದ 150 ಹಳ್ಳಿಗಳಲ್ಲಿ ಕೇಳುಗರ ಗುಂಪು ಕಟ್ಟಿತ್ತು. ಒಟ್ಟಿಗೆ ಕೂತು ಕೇಳುವುದು, ಚರ್ಚೆ ಮಾಡುವುದು, ಪ್ರಶ್ನೆಗಳನ್ನು ನಿಲಯಕ್ಕೆ ಬರೆದು ಕಳಿಸುವುದು. ಇಂಥ ಹೋಗಿಬರುವ ಮಾತಿಗೆ ‘ವಿಸ್ತರಣೆ’ ಎಂದು ಹೆಸರಿಡಲು ನನಗೆ ಮನಸ್ಸಾಗುತ್ತಿಲ್ಲ.

ಬೇರೆಯವರು ಏನು ಮಾಡಿದ್ದಾರೆ? ಇಂಡೊನೇಷ್ಯಾದವರದು ‘ಪೆನ್ಯುಲುಹಾನ್’. ‘ಸುಲುಹ್’ ಅಂದರೆ ಪಂಜು. ಡಚ್ಚರ ಪದದಲ್ಲೂ ಮುಂದೆ ಬೆಳಕು ಹಿಡಿಯುವ ಅರ್ಥವಿದೆ. ಜರ್ಮನರು ನೇರವಾಗಿ ‘ಸಲಹೆ’ ಎನ್ನುತ್ತಾರೆ. ಪಂಜು ಚೆಂದವೇ, ಆದರೆ ಅದು ಒಬ್ಬನ ಕೈಯಲ್ಲೇ ಇರುತ್ತದಲ್ಲ.

ನನ್ನ ಮುಂದಿರುವ ಆಯ್ಕೆಗಳು ಇವು. ಹಿಂದಿಯವರಂತೆ ‘ಪ್ರಸಾರ’ ಎನ್ನುವುದು ರೇಡಿಯೊ ಬಗೆಗಿನ ಹೊತ್ತಗೆಯಲ್ಲಿ ಸಾಧ್ಯವೇ ಇಲ್ಲ. ‘ಕೃಷಿ ಸಲಹೆ’ ತಿಳಿಯಾಗಿದೆ, ಆದರೆ ಅದೂ ಒಮ್ಮುಖವೇ. ನನ್ನ ಒಲವು ‘ರೈತ ಸಂಪರ್ಕ’ದ ಕಡೆಗೆ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇರುವುದರಿಂದ ಪದ ಎಲ್ಲರ ಬಾಯಲ್ಲೂ ಇದೆ, ಎರಡೂ ಕಡೆಯವರಿಗೆ ಅದರಲ್ಲಿ ಜಾಗವೂ ಇದೆ. ಅಡ್ಡಿ ಒಂದೇ: ಆ ಹೆಸರು ಕೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಸಬ್ಸಿಡಿ ಬಿತ್ತನೆಬೀಜದ ಸಾಲು. ನಿಮಗೆ ಹೇಗನ್ನಿಸುತ್ತದೆ?

ಜೊತೆಗೆ ಒಂದು ಸಣ್ಣ ಮಾತು. ‘ಆಹಾರ ಭದ್ರತೆ’, ‘ಆಹಾರ ಸುರಕ್ಷತೆ’ ಎರಡನ್ನೂ ಸುದ್ದಿಗಳಲ್ಲಿ ಒಂದರ ಬದಲು ಇನ್ನೊಂದು ಬರೆಯುತ್ತಾರೆ. 2013ರ ಕಾಯ್ದೆ ಭದ್ರತೆಯದು, ಅಂದರೆ ಪಡಿತರದ್ದು. 2006ರದ್ದು ಸುರಕ್ಷತೆಯದು, ಅಂದರೆ ಕಲಬೆರಕೆ ಮತ್ತು ಗುಣಮಟ್ಟದ್ದು. ಈ ವ್ಯತ್ಯಾಸ ಹೀಗೇ ಇರಲಿ ಎಂದು ನನ್ನ ಮತ, ಚರ್ಚೆ ಬೇಡ.

ನಿಜಕ್ಕೂ ಪದವೇ ಸಿಗದಿರುವುದು ಇನ್ನೊಂದಕ್ಕೆ. ಹಳೆಯ ಕಾಳು ಮುಗಿದು ಹೊಸ ಬೆಳೆ ಇನ್ನೂ ಕೈಗೆ ಬಾರದ ತಿಂಗಳುಗಳು. ಮಲಾವಿಯಲ್ಲಿ ಇದು ಹೆಚ್ಚುಕಡಿಮೆ ಡಿಸೆಂಬರಿನಿಂದ ಮಾರ್ಚ್. ಏಪ್ರಿಲ್ ಹೊತ್ತಿಗೆ ಜೋಳ, ಅಂದರೆ ನಮ್ಮ ಮುಸುಕಿನ ಜೋಳ, ಕೊಯ್ಲಿಗೆ ಬರುತ್ತದೆ. ಸಹಾರಾದ ಕೆಳಗಿನ ಸಾಹೆಲ್ ಸೀಮೆಯಲ್ಲಿ ಜೂನ್‌ನಿಂದ ಆಗಸ್ಟ್. ಅಲ್ಲಿನ ಫ್ರೆಂಚ್ ಮಾತಿನವರು ಇದಕ್ಕೆ ‘ಬೆಸುಗೆ’ ಎಂಬ ಅರ್ಥದ ಪದ ಬಳಸುತ್ತಾರೆ. ಹಳೆ ಫಸಲಿಗೂ ಹೊಸ ಫಸಲಿಗೂ ಹಾಕುವ ಬೆಸುಗೆ.

‘ಬರಗಾಲ’ ಇದಕ್ಕೆ ಒಗ್ಗುವುದಿಲ್ಲ. ಬರ ಯಾವಾಗಲೋ ಬರುತ್ತದೆ, ಇದು ಒಳ್ಳೆಯ ಮಳೆಯಾದ ವರ್ಷವೂ ಬರುತ್ತದೆ. ತುಳುವರಲ್ಲಿ ‘ಆಟಿ’ ಇದೆ. ಮಳೆ ಹೊಡೆಯುವ ಆ ತಿಂಗಳಲ್ಲಿ ಕೆಸುವಿನೆಲೆ, ತಜಂಕ್ ಸೊಪ್ಪು, ಕೂಡಿಟ್ಟ ಹಲಸಿನ ಬೀಜಗಳಿಂದ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. (ಈಗ ಅದೇ ತಿನಿಸುಗಳಿಗೆ ‘ಆಟಿಡೊಂಜಿ ದಿನ’ ಅಂತ ಕೂಟ ಮಾಡುತ್ತಾರೆ, ಊಟಕ್ಕೆ ನೂಕುನುಗ್ಗಲು!) ಆದರೆ ಆಟಿ ಒಂದು ತಿಂಗಳ ಹೆಸರು. ಮಲಾವಿಯ ಜನವರಿಗೆ ಅದನ್ನು ಹೊಂದಿಸುವುದು ಹೇಗೆ?

ರಾಯಚೂರು, ಕೊಪ್ಪಳ, ಚಾಮರಾಜನಗರ, ಮಲೆನಾಡಿನ ಕಡೆಯವರು ಹೇಳಬೇಕು. ಕಣಜ ಬರಿದಾದ ಆ ದಿನಗಳಿಗೆ ನಿಮ್ಮ ಅಜ್ಜಿಯರು ಏನನ್ನುತ್ತಿದ್ದರು? ಯಾವ ಊರಿನ ಮಾತು ಎಂಬುದನ್ನೂ ಬರೆಯಿರಿ. ನಿಘಂಟಿನಿಂದ ಎತ್ತಿದ್ದಾದರೆ ಬೇಡ, ಅವನ್ನು ನಾನೂ ತಿರುವಿಹಾಕಿದ್ದೇನೆ.